ಮೂರು ಸಾವಿರದಲ್ಲಿ ನಾಲ್ವರು

ಜನವರಿ 14

ಅಕ್ಕನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋದರು ಅಂದುಕೊಂಡಿರುತ್ತೀ. ಯಾರೂ ಹೋಗಿಲ್ಲ. ನಾನು ಬಸುರಿ, ಹನ್ನೆರಡು ವಾರ. ಹಿಂದಿನ ಎರಡೂ ಸಲ ಹತ್ತನೆಯ ವಾರ ದಾಟಿರಲಿಲ್ಲ. ಅದಕ್ಕೇ ದಾಟಿದ ಮೇಲೆ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಅಮ್ಮ ಹೋದ ಈ ಎರಡು ವರ್ಷದಲ್ಲಿ ನಾವು ಫೋನಿನಲ್ಲಿ ಮಾತಾಡಿದ್ದು ಮೂರು ಸಲ. ಮೂರು ಸಲವೂ ಯಾರೋ ಒಬ್ಬರು ಮಾತಿನ ನಡುವೆಯೇ ಇಟ್ಟುಬಿಟ್ಟೆವು. ನಿನ್ನ ನಂಬರನ್ನು ನಾನು ಬ್ಲಾಕ್ ಮಾಡಿದ್ದೇನೆ, ಅದು ಹಾಗೆಯೇ ಇರಲಿ. ಕಾಗದದಲ್ಲಾದರೆ ನಿನಗೆ "ಹಾಗಲ್ಲ, ಇಲ್ಲಿ ಕೇಳು" ಎಂದು ನಡುವೆ ಬಾಯಿ ಹಾಕಲಾಗುವುದಿಲ್ಲ.

ಇವರು ಹಡಗಿನ ಅಡುಗೆ ಕೆಲಸಕ್ಕೆ ಹೋಗಿ ಎರಡು ತಿಂಗಳಾಯಿತು, ಬರುವುದು ಜೂನ್ ಹೊತ್ತಿಗೆ. ಆಸ್ಪತ್ರೆಗೆ ಒಬ್ಬಳೇ ಹೋಗಿದ್ದೆ. ನರ್ಸ್ ಫಾರಂ ಹಿಡಿದು ಕೂತಿದ್ದಳು.

"ಮನೇಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟೋ ತೊಂದ್ರೆ ಇತ್ತಾ?"

"ಗೊತ್ತಿಲ್ಲ."

"ಇತ್ತು, ಇಲ್ಲ, ಎರಡ್ರಲ್ಲಿ ಒಂದು ಹೇಳಿ. ಗೊತ್ತಿಲ್ಲ ಅನ್ನೋಕೆ ಇಲ್ಲಿ ಜಾಗ ಇಲ್ಲ."

"ಅಮ್ಮ ಮೆಟ್ಟಿಲಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸ್ಕೊಂಡಿದ್ಲು. ಒಂಬತ್ತನೇ ದಿನ ಉಸಿರು ಸಿಗದೆ ಹೋದ್ಲು. ಅದು ಇತ್ತಾ, ಇಲ್ವಾ?"

"ಡಾಕ್ಟ್ರು ಏನಂತ ಬರೆದ್ರು?"

"ಹೃದಯ ನಿಂತಿದೆ ಅಂತ."

"ಎಲ್ರದ್ದೂ ಕೊನೇಲಿ ಅದೇ ತಾನೆ ಆಗೋದು," ಎಂದು ಅವಳು ಆ ಜಾಗವನ್ನು ಖಾಲಿ ಬಿಟ್ಟಳು. "ನಿಮ್ಮ ಕಡೆಯವ್ರನ್ನ ಕೇಳ್ಕೊಂಡು ಬನ್ನಿ."

ನಮ್ಮ ಕಡೆಯವರು ಅಂತ ಉಳಿದಿರುವುದು ನೀನೊಬ್ಬಳೇ. ಅದೂ ರಕ್ತವನ್ನು ಹೀಗೆ ಹೆಪ್ಪುಗಟ್ಟಿಸುವ ಜೀನ್ ಇಡೀ ದೇಶದಲ್ಲಿ ಎಷ್ಟು ಜನರಿಗಿದೆ ಎಂದು ಎಣಿಸಿದವಳು. ನಾನು ಪರೀಕ್ಷೆ ಮಾಡಿಸಬೇಕೇ, ಬೇಡವೇ? ಅಷ್ಟು ಹೇಳು ಸಾಕು. ಉಪನ್ಯಾಸ ಬೇಡ.

ನಿನ್ನ ತಂಗಿ

~

ಜನವರಿ 22

ಪ್ರಿಯ ಮೊಂಡಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಸಂತೋಷವಾಗಿದೆ ಎಂದು ಬರೆದರೆ ನಿನಗೆ ಅದು ಯಾವ ದನಿಯಲ್ಲಿ ಕೇಳಿಸುತ್ತದೋ ತಿಳಿಯದು. ಆದರೂ ಬರೆಯುತ್ತೇನೆ, ಸಂತೋಷವಾಗಿದೆ. ಬರಲೇ ಎಂದು ಕೇಳುವುದಿಲ್ಲ. ಬಾ ಎಂದರೆ ಅರ್ಧ ದಿನದಲ್ಲಿ ಅಲ್ಲಿರುತ್ತೇನೆ.

ಉಪನ್ಯಾಸವಲ್ಲ, ಐದೇ ಸಾಲು. ಗಾಯವಾದರೆ ರಕ್ತ ಹೆಪ್ಪುಗಟ್ಟಬೇಕು. ಸಾಕಷ್ಟು ಗಟ್ಟಿಯಾದ ಮೇಲೆ ನಿಲ್ಲಲೂಬೇಕು. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಐದನೆಯದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೆ ಆ ನಿಲ್ಲಿಸುವ ಕೆಲಸ ನಿಧಾನವಾಗುತ್ತದೆ. ಬ್ರೇಕ್ ಇದೆ, ಆದರೆ ತಡವಾಗಿ ಹಿಡಿಯುತ್ತದೆ. ಹೆಚ್ಚಿನವರಿಗೆ ಬದುಕಿಡೀ ಏನೂ ಆಗುವುದಿಲ್ಲ. ಬಸಿರು, ಆಪರೇಷನ್, ಅಲುಗಾಡದ ಕಾಲು, ಇಂಥ ಹೊತ್ತಿನಲ್ಲಿ ಮಾತ್ರ ಅಪಾಯ.

ಕೆಲವು ದೇಶಗಳಲ್ಲಿ ಇದು ನೂರಕ್ಕೆ ಐವರಲ್ಲಿ ಇದೆ. ನಮ್ಮಲ್ಲಿ ಮೂರು ಸಾವಿರದ ನೂರಿಪ್ಪತ್ತು ರಕ್ತದಾನಿಗಳನ್ನು ನೋಡಿದೆವು. ಸಿಕ್ಕವರು ನಾಲ್ವರು. ಅದರ ಮೇಲೆಯೇ ಬಸುರಿಯರಿಗೆ ಈ ಪರೀಕ್ಷೆ ಬೇಕಿಲ್ಲ ಎಂದು ಎಲ್ಲ ಆಸ್ಪತ್ರೆಗಳಿಗೂ ಸೂಚನೆ ಹೋಯಿತು. ಆ ನಾಲ್ವರಲ್ಲಿ ಒಬ್ಬರು ನಮ್ಮ ಮನೆಯವರೇ ಆಗಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲದೆ ನಮ್ಮ ಸಂಸ್ಥೆಯ ನಿರ್ದೇಶಕರು ನನ್ನನ್ನು ಅಳತೆಗೋಲು ಎಂದು ಕರೆಯುತ್ತಾರೆ, ದಿನದ ಪರೀಕ್ಷೆಗೆ ಆರೋಗ್ಯವಂತರ ಮಾದರಿಯಾಗಿ ಇಡುವ ರಕ್ತ ನನ್ನದೇ. ನನ್ನದು ಸರಿಯಿದ್ದರೆ ನಿನ್ನದೂ ಬಹುಮಟ್ಟಿಗೆ ಸರಿ.

ಅಮ್ಮನ ವಿಷಯ ನನಗೂ ಗೊತ್ತಿಲ್ಲ. ಗೊತ್ತಿದೆ ಎಂದು ಎಂದೂ ಹೇಳಿಲ್ಲ. ನರ್ಸ್‌ಗೆ "ಇಲ್ಲ" ಎಂದು ಹೇಳು.

ಅಕ್ಕ

~

ಮಾರ್ಚ್ 12

ಅಕ್ಕನಿಗೆ,

"ಇಲ್ಲ" ಎಂದು ಹೇಳಿದೆ. ನರ್ಸ್ ಗೀಟು ಎಳೆದು ಮುಂದಿನ ಪ್ರಶ್ನೆಗೆ ಹೋದಳು. ಎಷ್ಟು ಹಗುರವಾಯಿತು ಗೊತ್ತೇ, ನಿನಗೊಂದು ಕಾಗದ ಬರೆಯಬೇಕು ಅನ್ನಿಸುವಷ್ಟು. ಆದರೆ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಇಪ್ಪತ್ತು ವಾರವಾಯಿತು. ಇನ್ನೂ ಬಸ್ ಓಡಿಸುತ್ತಿದ್ದೇನೆ. ಟೈಮ್‌ಕೀಪರ್ ದಿನಾ ಬೆಳಿಗ್ಗೆ, "ಡ್ರೈವರಮ್ಮ, ಇಬ್ರಿಗೂ ಸೇರಿಸಿ ಒಂದೇ ಹಾಜರಿ ಹಾಕ್ಲಾ?" ಎಂದು ಕೇಳಿ ತಾನೇ ನಗುತ್ತಾನೆ. ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಇನ್ನೂ ಒಂದು ಗೇಣು ಜಾಗವಿದೆ.

ಹೋದ ವಾರದಿಂದ ಎಡಗಾಲಿನ ಮೀನಖಂಡ ಭಾರ. ಪಾಳಿ ಮುಗಿಸಿ ಇಳಿದರೆ ಒಂದು ಕಾಲು ನನ್ನದು, ಇನ್ನೊಂದು ಯಾರದೋ ಎನ್ನುವ ಹಾಗೆ. ಬಲಗಾಲಿನ ಶೂ ಸಡಿಲ, ಎಡಗಾಲಿನದು ಬಿಗಿ. ಡಾಕ್ಟರಮ್ಮನಿಗೆ ತೋರಿಸಿದೆ. ಎರಡೂ ಕಾಲು ಒತ್ತಿ ನೋಡಿ, "ದಿನಾ ಎಂಟು ಗಂಟೆ ಕೂತಿರ್ತೀರಿ, ಊದದೆ ಇನ್ನೇನಾಗುತ್ತೆ?" ಎಂದರು. ರಕ್ತದ್ದೇನಾದರೂ ಇರಬಹುದೇ ಎಂದೆ. ಫಾರಂ ತಿರುವಿದರು. "ಮನೇಲಿ ಯಾರಿಗೂ ಇಲ್ಲ ಅಂತ ಬರೆಸಿದೀರಲ್ಲ." ನಾನೂ ಸುಮ್ಮನಿರದೆ, ದೇಶಕ್ಕೆಲ್ಲ ಎಣಿಸಿದವಳು ನಮ್ಮಕ್ಕನೇ ಎಂದೆ. ಅವರ ಮುಖ ಅರಳಿತು. "ಮತ್ತೆ ನನ್ನನ್ನ ಯಾಕಮ್ಮ ಕೇಳ್ತೀರಿ?"

ಸಾಲಿನಲ್ಲಿ ನನ್ನ ಹೆಸರು ಹಾಕಿದ್ದಾರೆ. ಕಾಲಿನ ಸ್ಕ್ಯಾನ್ ಏಪ್ರಿಲ್ ಹತ್ತಕ್ಕೆ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಅಮ್ಮನೂ ಹೀಗೆಯೇ ಕಾಲು ನೋವು ಎಂದಾಗ ನೀನು ಫೋನಿನಲ್ಲಿ, "ಪ್ಲಾಸ್ಟರ್ ಹಾಕಿದ ಕಾಲು ನೋಯ್ದೆ ಇರುತ್ತಾ ಅಮ್ಮ" ಎಂದಿದ್ದೆಯಲ್ಲ, ಅದು ನೆನಪಾಯಿತು. ಮಾರನೆಯ ದಿನ ಅವಳಿರಲಿಲ್ಲ.

ನಿನ್ನ ತಂಗಿ

~

ಮಾರ್ಚ್ 17, ಬೆಳಿಗ್ಗೆ. ಕೊರಿಯರ್ ಮೂಲಕ

ಮೊಂಡಿ,

ಇದನ್ನು ನಿಂತಲ್ಲೇ ಓದು. ಓದಿದ ಕೂಡಲೇ ಆಸ್ಪತ್ರೆಗೆ ಹೋಗು. ಬಸ್ ಹತ್ತಬೇಡ, ಓಡಿಸುವುದಕ್ಕಂತೂ ಹತ್ತಲೇಬೇಡ.

ನಾನು ಹೇಳಿದ್ದು ತಪ್ಪು. ಆ ಜೀನ್ ನನಗಿದೆ. ಅಮ್ಮನಿಂದ ಬಂದಿರಲಿ, ಅಪ್ಪನಿಂದ ಬಂದಿರಲಿ, ನಿನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ನಿನ್ನ ನಂಬರಿಗೆ ಹನ್ನೊಂದು ಸಲ ಮಾಡಿದೆ. ಆಮೇಲೆ ಡಿಪೋಗೆ ಮಾಡಿ, ಕಾಗದ ಬರುತ್ತದೆ, ಅದು ಕೈಸೇರುವ ತನಕ ಅವಳಿಗೆ ಬಸ್ ಕೊಡಬೇಡಿ ಎಂದು ಟೈಮ್‌ಕೀಪರ್‌ಗೆ ಹೇಳಿದ್ದೇನೆ. ನಾಳೆ ಸಂಜೆಯೊಳಗೆ ಅವರಿಂದ ಸುದ್ದಿ ಬರದಿದ್ದರೆ ನಾನೇ ಹೊರಟು ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಸರಿ.

ಹೇಗಾಯಿತು ಎಂದು ತಿಳಿಯುವ ಹಕ್ಕು ನಿನಗಿದೆ. ದಿನಾ ಪರೀಕ್ಷೆಗೆ ಮೊದಲು ಆರೋಗ್ಯವಂತರ ಪ್ಲಾಸ್ಮಾವನ್ನು, ಅಂದರೆ ರಕ್ತದ ಕಣಗಳನ್ನು ತೆಗೆದ ಮೇಲೆ ಉಳಿಯುವ ಹಳದಿ ನೀರನ್ನು, ಯಂತ್ರದಲ್ಲಿ ಓಡಿಸುತ್ತೇವೆ. ಅದನ್ನು ಒಂದು ಎಂದು ಇಟ್ಟುಕೊಂಡು ಬೇರೆಯವರದನ್ನು ಅದಕ್ಕೆ ಹೋಲಿಸುತ್ತೇವೆ. ತೀರ ಕೆಳಗೆ ಬಿದ್ದವರಿಗೆ ಮಾತ್ರ ಜೀನ್ ಪರೀಕ್ಷೆ. ಮಾದರಿಯ ಪ್ಲಾಸ್ಮಾ ಇಪ್ಪತ್ತು ಜನರದನ್ನು ಬೆರೆಸಿದ್ದಾಗಿರಬೇಕು ಎಂಬುದು ನಿಯಮ. ಮೂರು ವರ್ಷದ ಹಿಂದೆ ಸಮೀಕ್ಷೆ ಶುರುವಾದ ವಾರ ಇಡೀ ವಿಭಾಗ ಜ್ವರದಿಂದ ಮಲಗಿತ್ತು. ಗಟ್ಟಿಯಾಗಿದ್ದವಳು ನಾನೊಬ್ಬಳು. ಒಂದು ವಾರದ ಮಟ್ಟಿಗೆ ಎಂದು ನನ್ನದೊಂದು ಚೀಲ ರಕ್ತ ತೆಗೆದು, ನೂರಾರು ಸಣ್ಣ ಕೊಳವೆಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟೆವು. ಡಬ್ಬಿಯ ಮೇಲೆ "ಸಿಬ್ಬಂದಿ, ಇಪ್ಪತ್ತು ಜನ" ಎಂಬ ಚೀಟಿ ಮೊದಲೇ ಅಂಟಿಸಿದ್ದಿತು. ಅದನ್ನು ಕೀಳಲಿಲ್ಲ. ಆಮೇಲೆ ಅಳತೆಯನ್ನು ನಡುವೆ ಬದಲಿಸಿದರೆ ಲೆಕ್ಕ ಕೆಡುತ್ತದೆ ಎಂದು ಕೊನೆಯತನಕ ಅದನ್ನೇ ಬಳಸಿದೆವು. ಶಿಸ್ತು ಎಂದುಕೊಂಡಿದ್ದೆ.

ಮೊನ್ನೆ ಡಬ್ಬಿ ತಳ ಕಂಡಿತು. ಹೊರಗಿನಿಂದ ಹೊಸ ಪ್ಲಾಸ್ಮಾ ಬಂತು. ನಮ್ಮ ಟೆಕ್ನಿಷಿಯನ್ ನಿವೃತ್ತಿಗೆ ಹತ್ತಿರವಿರುವ ಮನುಷ್ಯ, ಯಾವುದನ್ನೂ ಎರಡು ಸಲ ನೋಡದೆ ಬಿಡುವವರಲ್ಲ. ಹೊಸದು ಕೆಟ್ಟಿದೆಯೋ ಏನೋ ಎಂದು, ನನ್ನ ಹಳೆಯದನ್ನು ರೋಗಿಯ ಜಾಗದಲ್ಲಿಟ್ಟು ಓಡಿಸಿದರು.

"ಮೇಡಂ, ಹಳೇದೇ ರೋಗಿ ಥರ ಬಿತ್ತಲ್ಲ."

"ಇನ್ನೊಂದ್ಸಲ ಮಾಡಿ."

"ಮೂರು ಸಲ ಮಾಡಿದೆ, ಮೇಡಂ. ನಿಮ್ಮನ್ನ ಕರೆಯೋಕೆ ಮುಂಚೆ."

ಅವತ್ತೇ ನನ್ನ ಜೀನ್ ನೋಡಿದೆ, ನಮ್ಮ ದಾಖಲೆಯಲ್ಲಿ ಬರೆಯದೆ. ಇದೆ. ಹಳೆಯ ನಲವತ್ತು ದಾನಿಗಳ ರಕ್ತವನ್ನು ಮತ್ತೆ ಓಡಿಸಿದೆವು. ಇಬ್ಬರು ಸಿಕ್ಕರು. ಅಂದರೆ ಆ ಮೂರು ಸಾವಿರದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ನನ್ನ ಪಕ್ಕ ನಿಂತು, ನನ್ನಷ್ಟೇ ಎತ್ತರವಿದ್ದು, ಸರಿ ಎನ್ನಿಸಿಕೊಂಡು ಹೋಗಿದ್ದಾರೆ. ಸಿಕ್ಕ ನಾಲ್ವರು ತಾಯಿ ತಂದೆ ಇಬ್ಬರಿಂದಲೂ ಪಡೆದವರು. ಒಬ್ಬರಿಂದ ಪಡೆದವರು ಒಬ್ಬರೂ ಇಲ್ಲವೇಕೆ ಎಂದು ಅಂದೇ ಕೇಳಬೇಕಿತ್ತು. ನಾಲ್ಕು ಸಣ್ಣ ಸಂಖ್ಯೆ ಎಂದು ದಾಟಿಸಿದೆ.

ಹೋಗು. ಈ ಕಾಗದವನ್ನೇ ತೋರಿಸು.

ಅಕ್ಕ

~

ಮಾರ್ಚ್ 20

ಅಕ್ಕನಿಗೆ,

ಟೈಮ್‌ಕೀಪರ್ ಹತ್ತಿರ "ಓದಿದ್ದಾಳೆ, ಬರಬೇಡಿ" ಎಂದು ಹೇಳಿಸಿದ್ದು ನಾನೇ. ನೀನು ಬಂದರೆ ನಾನು ಏನಂದುಬಿಡುತ್ತೇನೋ ಎಂದು ಹೆದರಿಕೆಯಾಯಿತು.

ಕಾಗದ ತೋರಿಸಿದೆ. ಡಾಕ್ಟರಮ್ಮ ಪೂರ್ತಿ ಓದಿದರು, ಅವಸರ ಮಾಡಲಿಲ್ಲ. ಆಮೇಲೆ ಮಡಿಸಿ ನನ್ನ ಕೈಗೇ ಕೊಟ್ಟರು.

"ಇದು ಕಾಗದ ಅಮ್ಮ, ರಿಪೋರ್ಟ್ ಅಲ್ಲ."

"ಬರೆದಿರೋದು ನಮ್ಮಕ್ಕ. ಸೂಚನೆ ಬರೆದವ್ಳೂ ಅವ್ಳೇ."

"ಅದೇ ಕಷ್ಟ." ಮೇಜಿನ ಖಾನೆಯಿಂದ ತೆಳುವಾದ ಹಸಿರು ಪುಸ್ತಕ ತೆಗೆದು, ಬೆರಳಿಟ್ಟು ತೋರಿಸಿದರು. ಪರೀಕ್ಷೆ ಬೇಕಿಲ್ಲ ಎಂಬ ಸಾಲು, ಅದರ ಕೆಳಗೆ ನಿನ್ನ ಹೆಸರು. "ಇದ್ರ ವಿರುದ್ಧ ನಾನು ಚೀಟಿ ಬರೆದ್ರೆ ನಿಮ್ಮ ಅಕ್ಕನ ಸಂಸ್ಥೇನೇ ಅದನ್ನ ವಾಪಸ್ ಕಳಿಸುತ್ತೆ. ಆ ಪರೀಕ್ಷೆ ಮಾಡೋದು ಅವ್ರೊಬ್ರೇ. ಸೂಜಿ ಶುರು ಮಾಡೋಣ ಅಂದ್ರೆ, ಅದು ರಕ್ತ ತೆಳು ಮಾಡೋದು, ಸುಮ್ನೆ ಕೊಡೋ ಹಾಗಿಲ್ಲ. ಅವ್ರ ರಿಪೋರ್ಟ್ ಸಂಸ್ಥೆಯ ಮೊಹರು ಹಾಕಿ ಬರ್ಲಿ. ಅವತ್ತೇ ಸ್ಕ್ಯಾನಿಗೆ ಕಳಿಸ್ತೀನಿ, ಸಾಲು ಗೀಲು ಏನಿಲ್ಲ."

ಕೆಟ್ಟವರಲ್ಲ ಅಕ್ಕ. ಹೊರಡುವಾಗ ಕಾಲಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆದುಕೊಂಡರು. ಎಡದ್ದು ಎರಡೂವರೆ ಸೆಂಟಿಮೀಟರ್ ಜಾಸ್ತಿ.

ರಜೆ ಹಾಕಿದ್ದೇನೆ. ಮನೆಯಲ್ಲಿ ಕುರ್ಚಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕುರ್ಚಿಗೆ ನಡೆಯುತ್ತೇನೆ. ನಡೆದರೆ ಒಳ್ಳೆಯದೋ ನಡೆಯದಿದ್ದರೆ ಒಳ್ಳೆಯದೋ ಅದೂ ಗೊತ್ತಿಲ್ಲ. ಒಂದು ಸಲ ಜೋರಾಗಿ ಉಸಿರೆಳೆದುಕೊಂಡು ಸಲೀಸಾಗಿ ಬರುತ್ತಿದೆಯೇ ಎಂದು ನೋಡುತ್ತೇನೆ. ಐದು ನಿಮಿಷಕ್ಕೆ ಮತ್ತೆ ನೋಡುತ್ತೇನೆ.

ಒಂದು ಕಾಗದಕ್ಕೆ ಮೊಹರು ಹಾಕಲು ಎಷ್ಟು ದಿನ ಬೇಕು?

ನಿನ್ನ ತಂಗಿ

~

ಮಾರ್ಚ್ 25. ಕೊರಿಯರ್ ಮೂಲಕ

ಮೊಂಡಿ,

ಲಕೋಟೆಯಲ್ಲಿ ಎರಡು ಕಾಗದಗಳಿವೆ. ಮೊದಲನೆಯದು ನನ್ನ ಹೆಸರಿನ ರಿಪೋರ್ಟ್, ಮೊಹರಿದೆ. ಅದನ್ನು ಡಾಕ್ಟರಿಗೆ ಕೊಡು. ಎರಡನೆಯದರ ಬಗ್ಗೆ ಕೆಳಗೆ ಬರೆಯುತ್ತೇನೆ. ಇದನ್ನು ಓದುವ ಮೊದಲು ಆಸ್ಪತ್ರೆಗೆ ಹೋಗಿ ಬಾ.

ನಿನ್ನ ಕಾಗದ ಬಂದದ್ದು ಇಪ್ಪತ್ತೆರಡಕ್ಕೆ. ಅಂದೇ ನಿರ್ದೇಶಕರ ಬಳಿ ಹೋದೆ. ಡಬ್ಬಿಯಲ್ಲಿ ಯಾರ ರಕ್ತವಿತ್ತು ಎಂಬುದು ನನ್ನನ್ನು ಬಿಟ್ಟರೆ ಅವರಿಗೆ ಮಾತ್ರ ಗೊತ್ತಿತ್ತು. ಬಾಗಿಲು ಹಾಕಿಸಿದರು.

"ತಂಗಿ ವಿಷಯ ಬೇರೆ, ಸಮೀಕ್ಷೆ ವಿಷಯ ಬೇರೆ," ಎಂದರು. "ನಿಮ್ಮ ರಿಪೋರ್ಟಿಗೆ ನಾನೀಗ್ಲೇ ಸಹಿ ಹಾಕ್ತೀನಿ. ಅದ್ರಲ್ಲಿ ನೀವು ಬರೀ ಒಬ್ಬ ವ್ಯಕ್ತಿ. ಅಳತೆಗೆ ಇಟ್ಟ ರಕ್ತ ನಿಮ್ದು ಅನ್ನೋದು ಅದ್ರಲ್ಲಿ ಬರೋದು ಬೇಡ."

"ಮತ್ತೆ ಆ ಸಂಖ್ಯೆ?"

"ವರ್ಷದ ಕೊನೆಗೆ ಹೊಸ ಸಮೀಕ್ಷೆ ಅಂತ ಮಾಡೋಣ. ಆಗ ತಾನಾಗೇ ಸರಿಹೋಗುತ್ತೆ. ಯಾರ ತಲೇನೂ ಹೋಗಲ್ಲ."

ಒಪ್ಪಿದೆ. ಇದನ್ನು ನಿನ್ನಿಂದ ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ. ರಿಪೋರ್ಟನ್ನು ಲಕೋಟೆಗೆ ಹಾಕಿ, ನಿನ್ನ ವಿಳಾಸ ಬರೆದು, ಕೊರಿಯರ್ ಅಂಗಡಿಯವರೆಗೂ ಹೋದೆ. ನನ್ನ ಮುಂದೆ ಒಬ್ಬ ಹೆಂಗಸು ಪಾರ್ಸೆಲ್ ಕಟ್ಟಿಸುತ್ತಿದ್ದಳು, ಏಳು ತಿಂಗಳಿರಬಹುದು. ನಾನು ಅವಳ ಹೊಟ್ಟೆಯನ್ನು ನೋಡಲಿಲ್ಲ, ಅವಳ ಕಾಲುಗಳನ್ನು ನೋಡಿದೆ. ಎರಡೂ ಒಂದೇ ಸಮ ಇದ್ದವು. ಆದರೂ ನಾನು ಲಕೋಟೆಯನ್ನು ಕೊಡದೆ ಚೀಲಕ್ಕೆ ಹಾಕಿಕೊಂಡೆ. ಅವಳ ಡಾಕ್ಟರಿನ ಮೇಜಿನ ಖಾನೆಯಲ್ಲೂ ಅದೇ ಹಸಿರು ಪುಸ್ತಕ, ಅದೇ ಬೆರಳು. ಅವಳಿಗೆ ಕೊರಿಯರ್ ಮಾಡುವ ಅಕ್ಕ ಇಲ್ಲ.

ವಾಪಸು ಬಂದು ಎರಡನೆಯ ಕಾಗದ ಬರೆದೆ. ನಮ್ಮ ಲೇಖನ ಅಚ್ಚಾದ ಪತ್ರಿಕೆಗೂ ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಅದು ಹೋಗಿದೆ. ನಿನಗೆ ಬಂದಿರುವುದು ಅದರ ಪ್ರತಿ. ಅಳತೆಗೆ ಬಳಸಿದ ರಕ್ತ ಇಪ್ಪತ್ತು ಜನರದಲ್ಲ, ಒಬ್ಬಳದು, ಆ ಒಬ್ಬಳು ನಾನು, ನನ್ನಲ್ಲಿ ದೋಷವಿದೆ, ನಾಲ್ವರು ಎಂಬ ಲೆಕ್ಕವನ್ನು ಯಾರೂ ನಂಬಬೇಡಿ. ಕೆಳಗೆ ಎರಡು ಸಹಿಗೆ ಜಾಗ ಬಿಟ್ಟಿದ್ದೆ. ನಿರ್ದೇಶಕರು ತಮ್ಮದನ್ನು ಹಾಕಲಿಲ್ಲ. "ನಿಮಗೆ ತಂಗಿ ಒಬ್ಳು, ಇಲ್ಲಿ ಅರವತ್ತು ಜನರ ಕೆಲಸ," ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ.

ಒಂದು ಲೆಕ್ಕ ಮಾತ್ರ ಬಗೆಹರಿಯುತ್ತಿಲ್ಲ. ರಿಪೋರ್ಟ್ ಇಪ್ಪತ್ತೆರಡಕ್ಕೇ ತಯಾರಿತ್ತು. ನಿನಗೆ ಬರುವುದು ಇಪ್ಪತ್ತಾರಕ್ಕೆ. ಆ ಕಾಗದದ ಪದಗಳನ್ನು ಆರಿಸುತ್ತ ಕೂತ ಆ ದಿನಗಳು ನಿನ್ನ ಕಾಲಿಗೆ ಸೇರಿದ್ದವು. ಮೊದಲು ಇದನ್ನು ಕಳಿಸಿ ಆಮೇಲೆ ಅದನ್ನು ಬರೆಯಬಹುದಿತ್ತು. ರಿಪೋರ್ಟ್ ಒಂದು ಸಲ ಕೈಬಿಟ್ಟರೆ ಅದನ್ನು ಬರೆಯುವ ಧೈರ್ಯ ಉಳಿಯುವುದಿಲ್ಲವೆಂದು ಹೆದರಿದೆ. ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ.

ಅಕ್ಕ

~

ಏಪ್ರಿಲ್ 1

ಮೊಂಡಿ,

ಇಪ್ಪತ್ತಾರಕ್ಕೆ ಲಕೋಟೆ ತಲುಪಿದೆ ಎಂದು ಕೊರಿಯರ್‌ನವರು ಹೇಳುತ್ತಾರೆ. ಸಹಿ ನಿನ್ನದಲ್ಲವಂತೆ, ಪಕ್ಕದ ಮನೆಯವರದಂತೆ. ಡಿಪೋದಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ, "ಫೋನಲ್ಲಿ ಹೇಳೋ ಹಾಗಿಲ್ಲ" ಎಂದರು.

ನನ್ನನ್ನು ಪ್ರಯೋಗಾಲಯದಿಂದ ಹೊರಗೆ ಹಾಕಿದ್ದಾರೆ. ಹಳೆಯ ಕಡತಗಳ ಕೋಣೆಯಲ್ಲಿ ಕುರ್ಚಿ ಕೊಟ್ಟಿದ್ದಾರೆ. ನಿನ್ನ ರಕ್ತ ಪರೀಕ್ಷೆಗೆ ಬಂದಿದೆಯೇ ಎಂದು ಕೇಳುವ ಹಕ್ಕು ನನಗಿಲ್ಲ. ಟೆಕ್ನಿಷಿಯನ್ ನಿನ್ನೆ ಚಹಾ ತಂದಿಟ್ಟು ಹೋದರು, ಅವರ ಮುಖ ನೋಡಲು ಹೆದರಿ ನಾನು ಕಡತವನ್ನೇ ನೋಡುತ್ತಿದ್ದೆ.

ಒಂದು ಗೀಟು ಎಳೆದು ಕಳಿಸಿದರೂ ಸಾಕು. ಆರನೆಯ ತಾರೀಖಿನವರೆಗೆ ಕಾಯುತ್ತೇನೆ. ಆಮೇಲೆ ನೀನು ಬೇಡವೆಂದರೂ ಬರುತ್ತೇನೆ.

ಅಕ್ಕ

~

ಏಪ್ರಿಲ್ 4

ಅಕ್ಕಾ,

ಬದುಕಿದ್ದೇನೆ. ಇಬ್ಬರೂ ಬದುಕಿದ್ದೇವೆ.

ನಿನ್ನ ಲಕೋಟೆಯನ್ನು ಪಕ್ಕದ ಮನೆಯಾಕೆ ಇಸಿದುಕೊಂಡಳು, ಏಕೆಂದರೆ ಬಾಗಿಲು ತೆಗೆಯಲು ನನಗೆ ಎದ್ದು ನಿಲ್ಲಲಾಗಲಿಲ್ಲ. ಅವಳೇ ಆಟೋದಲ್ಲಿ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಿಪೋರ್ಟಿನ ಮೊಹರು ನೋಡಿ ಕೂಡಲೇ ಚೀಟಿ ಬರೆದರು. ಸ್ಕ್ಯಾನ್ ಮಾಡುವವನು ಪಾತ್ರೆ ತಿಕ್ಕುವ ಹಾಗೆ ಒತ್ತಿ ಒತ್ತಿ ನೋಡುತ್ತಿದ್ದವನು ಮಂಡಿಯ ಮೇಲೆ ಬಂದು ನಿಂತ. ಹೆಬ್ಬೆರಳುದ್ದದ ರಕ್ತದ ಹೆಪ್ಪು. ಮೇಲೆ ಹೊರಟಿತ್ತು, ಇನ್ನೂ ಕಿತ್ತುಕೊಂಡಿರಲಿಲ್ಲ.

ಎಂಟು ದಿನ ಆಸ್ಪತ್ರೆಯಲ್ಲಿದ್ದೆ. ನಿನ್ನೆ ಬಂದೆ. ನಿನ್ನ ಒಂದನೆಯ ತಾರೀಖಿನ ಕಾಗದ ಬಾಗಿಲ ಹತ್ತಿರ ಬಿದ್ದಿತ್ತು. ದಿನಕ್ಕೆರಡು ಸೂಜಿ, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ನಾನೇ ಚುಚ್ಚಿಕೊಳ್ಳಬೇಕು. ನರ್ಸ್, ಅದೇ ಫಾರಂನವಳು, ಕಲಿಸಿಕೊಟ್ಟಳು. "ಮಗೂಗೆ ತಗಲಲ್ಲ, ಕಣ್ಣು ಮುಚ್ಕೋಬೇಡಿ. ಕಣ್ಣು ಮುಚ್ಕೊಂಡು ಬಸ್ ಓಡಿಸ್ತೀರಾ?" ಎಂದಳು. ನನ್ನ ಜೀನ್ ರಿಪೋರ್ಟೂ ಬಂದಿದೆ. ಇದೆ.

ನಿನ್ನ ಎರಡನೆಯ ಕಾಗದವನ್ನು ಆಸ್ಪತ್ರೆಯಲ್ಲಿ ಓದಿದೆ. ಅದರ ಇನ್ನೊಂದು ಪ್ರತಿ ಡಾಕ್ಟರಮ್ಮನ ಮೇಜಿನ ಮೇಲೂ ಇತ್ತು. ನೀನು ನಿಲ್ಲಿಸಿಕೊಂಡ ಆ ದಿನಗಳ ಬಗ್ಗೆ ನಿನ್ನನ್ನು ಬೈಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಬೈಯಲು ಹೊರಟರೆ ನನ್ನ ಬಾಯಿ ಏಳಲಿಲ್ಲ. ಏಕೆಂದು ಹೇಳುತ್ತೇನೆ.

ಅಮ್ಮ ನಿನಗೆ ಫೋನ್ ಮಾಡಿದ್ದು ಭಾನುವಾರ. ನೀನು ಪ್ಲಾಸ್ಟರಿನ ಮಾತು ಹೇಳಿದೆ. ಅವಳು ಸೋಮವಾರ ಹೋದಳು. ಇದನ್ನು ಎರಡು ವರ್ಷದಿಂದ ನಿನ್ನ ಮುಖಕ್ಕೆ ಹಿಡಿಯುತ್ತಿದ್ದೇನೆ.

ಅವಳು ನನಗೂ ಮಾಡಿದ್ದಳು. ಗುರುವಾರ. ನಾನು ಕೊನೆಯ ನಿಲ್ದಾಣದಲ್ಲಿ ಬಸ್ ತಿರುಗಿಸುತ್ತಿದ್ದೆ, ಹಿಂದೆ ಹಾರ್ನ್ ಹೊಡೆಯುತ್ತಿದ್ದರು. "ಪ್ಲಾಸ್ಟರಿನ ಮೇಲ್ಗಡೆ ಮೀನಖಂಡ ಕಲ್ಲಿನ ಹಾಗಾಗಿದೆ ಕಣೇ, ಬಿಸಿ ಇದೆ" ಎಂದಳು. ನಾನು, "ನನ್ನನ್ನ ಯಾಕಮ್ಮ ಕೇಳ್ತೀಯ, ಬಲ್ಲವಳು ಅಕ್ಕ, ಅವಳನ್ನೇ ಕೇಳು" ಎಂದು ಇಟ್ಟೆ. ಅವಳು ತಕ್ಷಣ ನಿನಗೆ ಮಾಡಲಿಲ್ಲ. ವಾರದ ನಡುವೆ ನಿನಗೆ ಪುರಸೊತ್ತಿರುವುದಿಲ್ಲ ಎಂದು ಭಾನುವಾರದವರೆಗೆ ಕಾದಳು. ನಿನಗೆ ಹೇಳುವಾಗ ಅವಳು ಬರೀ ನೋವು ಎಂದಿರಬೇಕು. ಕಲ್ಲು, ಬಿಸಿ, ಈ ಎರಡು ಮಾತು ನನ್ನ ಹತ್ತಿರ ಮಾತ್ರ ಇದ್ದವು. ಅವನ್ನು ನಾನು ಯಾರಿಗೂ ಕೊಡಲಿಲ್ಲ, ಡಾಕ್ಟರಿಗೂ, ನಿನಗೂ, ಇವರಿಗೂ.

ಅಲ್ಲಿಂದ ಮುಂದೆ ನಿನ್ನ ದನಿ ಕೇಳಿದರೆ ಎಲ್ಲಿ ಬಾಯಿಬಿಡುತ್ತೇನೋ ಎಂದೇ ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದು. ಸಿಟ್ಟು ಎಂದುಕೊಂಡೆ ನೀನು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ.

ನೀನು ನಿನ್ನ ತಪ್ಪನ್ನು ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಿಗೆ ಬರೆದೆ. ನನ್ನದನ್ನು ಒಬ್ಬಳಿಗೆ ಬರೆಯುವುದಿತ್ತು, ಅಷ್ಟೇ.

ಇದನ್ನು ಓದಿದ ಮೇಲೆ ನಿನಗೆ ಬರಬೇಕೆನಿಸಿದರೆ ಬಾ, ಬೇಡವೆನಿಸಿದರೆ ಬೇಡ. ಎರಡೂ ನನಗೆ ಅರ್ಥವಾಗುತ್ತದೆ. ಸಂಜೆಯ ಸೂಜಿಯ ಹೊತ್ತಾಯಿತು. ಇವತ್ತು ಬಲಗಡೆ.

ನಿನ್ನ ತಂಗಿ